ಏನೂ ಆಗದ 30,000 ಗಂಟೆಗಳು

2017ರ ಮಾರ್ಚ್ 29ರಂದು ತಮಿಳುನಾಡಿನ ಅರಕ್ಕೋಣಂನಲ್ಲಿ ಭಾರತೀಯ ನೌಕಾಪಡೆ ಟಿಯು-142ಎಂ ಎಂಬ ದೈತ್ಯ ವಿಮಾನಕ್ಕೆ ವಿದಾಯ ಹೇಳಿತು. 29 ವರ್ಷದ ಸೇವೆ. ಅವತ್ತು ನೌಕಾಪಡೆ ಹೆಮ್ಮೆಯಿಂದ ಹೇಳಿಕೊಂಡ ಲೆಕ್ಕ ಒಂದೇ ಸಾಲಿನದ್ದು: ಒಂದೂ ಅಪಘಾತವಿಲ್ಲದೆ 30,000 ಗಂಟೆ ಹಾರಾಟ.

ಆ ವಿಮಾನಗಳೆಲ್ಲ ಒಂದೇ ಘಟಕಕ್ಕೆ ಸೇರಿದ್ದವು. ಅದರ ಹೆಸರು ಐಎನ್‌ಎಎಸ್ 312, ಅಂದರೆ ನೌಕಾಪಡೆಯ 312ನೇ ಏರ್ ಸ್ಕ್ವಾಡ್ರನ್. ಅದರ ಲಾಂಛನದ ಹಕ್ಕಿ ಆಲ್ಬಟ್ರಾಸ್. ಸಮುದ್ರದ ಮೇಲೆ ದಿನಗಟ್ಟಲೆ ಹಾರುವ ಹಕ್ಕಿ ಅದು. ಹೆಸರು ಇಟ್ಟವರು ಸುಮ್ನೆ ಇಟ್ಟಿಲ್ಲ. ಈ ಸ್ಕ್ವಾಡ್ರನ್ನಿನ ಕೆಲಸವೇ ಸಮುದ್ರದ ಮೇಲೆ ಹಾರುತ್ತಾ ಇರುವುದು, ನೋಡುತ್ತಾ ಇರುವುದು.

ಯುದ್ಧವಿಮಾನಗಳ ಕಥೆ ಹೇಳುವುದು ಸುಲಭ. ಇಂಥ ದಿನ ಹಾರಿತು, ಇಷ್ಟು ಹೊಡೆಯಿತು, ಇಂಥವರಿಗೆ ವೀರಚಕ್ರ ಬಂತು. ಕಡಲು ಕಾಯುವ ಸ್ಕ್ವಾಡ್ರನ್ನಿನ ಕಥೆಯನ್ನು ಹಾಗೆ ಹೇಳೋಕಾಗಲ್ಲ. ಅದರ ದಿನಚರಿಯಲ್ಲಿ ಹೆಚ್ಚಿನ ಪುಟಗಳಲ್ಲಿ ಏನೂ ನಡೆದಿರುವುದಿಲ್ಲ. ಹೊರಟರು, ನೋಡಿದರು, ಬಂದರು, ಅಷ್ಟೇ. ನನಗೆ ಈ ಸ್ಕ್ವಾಡ್ರನ್ ಮೇಲೆ ಇಷ್ಟು ಅಭಿಮಾನ ಬೆಳೆದಿದ್ದು ಆ ಖಾಲಿ ಪುಟಗಳಿಂದಲೇ.

ನಮ್ಮ ಉತ್ತರ ಕನ್ನಡದವರಿಗೆ ಈ ವಿಮಾನವನ್ನು ನೋಡೋಕೆ ಅರಕ್ಕೋಣಂಗೆ ಹೋಗಬೇಕಾಗಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಐಎನ್‌ಎಸ್ ಚಪಲ್ ಯುದ್ಧನೌಕೆಯ ಪಕ್ಕದಲ್ಲೇ ಒಂದು ನಿಂತಿದೆ. ಅರಕ್ಕೋಣಂನಲ್ಲಿ ಬಿಚ್ಚಿ, ಬಿಡಿಭಾಗಗಳನ್ನು ಲಾರಿಗಳಲ್ಲಿ ತಂದು, ಇಲ್ಲಿ ಮತ್ತೆ ಜೋಡಿಸಿದ್ದು. ಹೆದ್ದಾರಿಯಲ್ಲಿ ಹೋಗುವ ಬಸ್ಸಿನಿಂದಲೇ ಕಾಣುತ್ತದೆ. ನಾನು ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನು ಪ್ರೊಪೆಲ್ಲರ್‌ಗಳನ್ನು ಎಣಿಸಿದ. ಒಂದೊಂದು ಎಂಜಿನ್ನಿಗೂ ಒಂದರ ಹಿಂದೆ ಒಂದು ಎರಡೆರಡು, ಒಂದೊಂದಕ್ಕೂ ನಾಲ್ಕು ಎಲೆ. ಒಟ್ಟು 32 ಎಲೆ. ಆಮೇಲೆ ಕೇಳಿದ: "ಮಾವ, ಇದು ಎಷ್ಟು ಹಡಗು ಮುಳುಗಿಸಿದೆ?"

"ಒಂದೂ ಇಲ್ಲ" ಅಂದೆ.

"ಮತ್ತೆ ಇದನ್ನ ಯಾಕೆ ಇಲ್ಲಿ ಇಟ್ಟಿದ್ದಾರೆ?"

ಅವನ ಮುಖ ಸಪ್ಪಗಾಗಿತ್ತು. ಆ ಹೊತ್ತಿಗೆ ಏನೋ ಒಂದು ಹೇಳಿ ಸುಮ್ಮನಾಗಿಸಿದೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕೆಂದರೆ ಕಥೆಯನ್ನು ಬಹಳ ಹಿಂದಿನಿಂದ ಶುರು ಮಾಡಬೇಕು.

ಮೊದಲು ಒಂದು ಸಣ್ಣ ಲೆಕ್ಕ. ಹಡಗಿನ ಮೇಲೆ, ನೀರಿನಿಂದ 20 ಮೀಟರ್ ಎತ್ತರದಲ್ಲಿ ನಿಂತವರಿಗೆ ಕಡಲು ಸುಮಾರು 16 ಕಿಲೋಮೀಟರ್ ದೂರದವರೆಗೆ ಕಾಣುತ್ತದೆ. ಅದರಾಚೆ ಭೂಮಿಯೇ ಬಾಗಿಬಿಡುತ್ತದೆ. ಮೂರು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ದಿಗಂತ ಸುಮಾರು 195 ಕಿಲೋಮೀಟರ್ ದೂರ. ಭಾರತದ ಕರಾವಳಿ 7,500 ಕಿಲೋಮೀಟರಿಗಿಂತ ಉದ್ದ. ಎಷ್ಟೇ ಹಡಗು ಕಟ್ಟಿದರೂ ಹಡಗಿನಿಂದಲೇ ಇಷ್ಟು ನೀರನ್ನು ಕಾಯೋದು ಆಗದ ಮಾತು. ಸ್ವಾತಂತ್ರ್ಯ ಬಂದಾಗ ನಮ್ಮ ಹತ್ತಿರ ಇಂಥ ಕೆಲಸಕ್ಕೆ ದೂರ ಹಾರುವ ವಿಮಾನಗಳೂ ಇರಲಿಲ್ಲ, ಕೊಳ್ಳುವಷ್ಟು ದುಡ್ಡೂ ಇರಲಿಲ್ಲ.

ಇಲ್ಲಿ ಬೆಂಗಳೂರು ಬರುತ್ತದೆ.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಹತ್ತಿರ ಇದ್ದ ಅಮೆರಿಕದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದ ಚಕೇರಿಯಲ್ಲಿ ಗುಡ್ಡೆ ಹಾಕಿ ಬಿಟ್ಟುಹೋದರು. ಸುಮ್ನೆ ಬಿಟ್ಟುಹೋಗಲಿಲ್ಲ. ಬೇರೆ ಯಾರೂ ಬಳಸಬಾರದು ಅಂತ ಉಪಕರಣಗಳನ್ನು ಸುತ್ತಿಗೆಯಿಂದ ಒಡೆದರು, ಎಂಜಿನ್ನುಗಳಿಗೆ ಮರಳು ಸುರಿದರು, ಮೈಗೆ ತೂತು ಮಾಡಿದರು. 1948ರಲ್ಲಿ ಹೊಸ ದೇಶದ ವಾಯುಪಡೆಗೆ ದೊಡ್ಡ ಬಾಂಬರ್‌ಗಳು ಬೇಕಾದಾಗ, ಈ ಗುಜರಿಯಿಂದ ಏನಾದರೂ ಎಬ್ಬಿಸಬಹುದಾ ಅಂತ ಬೆಂಗಳೂರಿನ ಎಚ್‌ಎಎಲ್‌ಗೆ ಕೇಳಿದರು. ಇದು ಆಗುವ ಕೆಲಸವಲ್ಲ ಅಂತ ವಿದೇಶದ ತಜ್ಞರು ಕೈಯಾಡಿಸಿಬಿಟ್ಟಿದ್ದರು.

ಎಚ್‌ಎಎಲ್‌ನವರಿಗೆ ಅಮೆರಿಕದ ವಿಮಾನಗಳು ಹೊಸದಲ್ಲ. ಯುದ್ಧದ ಸಮಯದಲ್ಲಿ ಆ ಕಾರ್ಖಾನೆ ಅಮೆರಿಕದ ಸೈನ್ಯಕ್ಕೆ ವಿಮಾನ ರಿಪೇರಿಯ ದೊಡ್ಡ ಕೇಂದ್ರವಾಗಿತ್ತು. ಸಮುದ್ರ ಕಾಯುವ ಕ್ಯಾಟಲಿನಾ ಎಂಬ ತೇಲುವ ವಿಮಾನಗಳೂ ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಅವು ಇಳಿಯುತ್ತಿದ್ದದ್ದು ಎಲ್ಲಿ ಗೊತ್ತಾ? ಬೆಳ್ಳಂದೂರು ಕೆರೆಯಲ್ಲಿ. ಇವತ್ತು ನೊರೆ ಉಕ್ಕುವ ಸುದ್ದಿಗೆ ಹೆಸರಾದ ಅದೇ ಕೆರೆ. ಸಮುದ್ರದಿಂದ ಮುನ್ನೂರು ಕಿಲೋಮೀಟರ್ ದೂರದ ಊರಿನ ಕೆರೆ ಒಂದು ಕಾಲಕ್ಕೆ ಕಡಲ ಕಾವಲಿನ ವಿಮಾನಗಳ ಬಂದರಾಗಿತ್ತು. ಬೆಂಗಳೂರಿನವರಿಗೆ ಇದನ್ನು ಯಾರಾದರೂ ಶಾಲೆಯಲ್ಲೇ ಹೇಳಿಕೊಡಬೇಕಿತ್ತು.

ಅಂತೂ ಎಚ್‌ಎಎಲ್ ಒಪ್ಪಿಕೊಂಡಿತು. ತಂತ್ರಜ್ಞರು ಕಾನ್ಪುರಕ್ಕೆ ಹೋದರು. ಒಂದು ವಿಮಾನದ ರೆಕ್ಕೆಯ ಭಾಗ, ಇನ್ನೊಂದರ ಎಂಜಿನ್, ಮತ್ತೊಂದರ ಚಕ್ರ ಹೀಗೆ ಕೂಡಿಸಿ, ಒಂದು ಸಲ ಬೆಂಗಳೂರಿನವರೆಗೆ ಹಾರಿದರೆ ಸಾಕು ಎನ್ನುವಷ್ಟು ಗಟ್ಟಿ ಮಾಡಿದರು. ಅವನ್ನು ಹಾರಿಸಿಕೊಂಡು ಬಂದವರು ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಷಿ. ಒಂದಲ್ಲ ಎರಡಲ್ಲ, ನಲವತ್ತಕ್ಕೂ ಹೆಚ್ಚು ವಿಮಾನ. ಪ್ರತಿಯೊಂದೂ ಗುಜರಿಯಿಂದ ಎದ್ದದ್ದು. ದಾರಿಯಲ್ಲಿ ಯಾವುದು ಯಾವಾಗ ನಿಲ್ಲುತ್ತದೋ ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಅವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದರು. 1948ರ ನವೆಂಬರ್ ಹೊತ್ತಿಗೆ ಮೊದಲ ವಿಮಾನಗಳು ವಾಯುಪಡೆಗೆ ಸೇರಿದವು. ನಮ್ಮ ಕೈಗಾರಿಕಾ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಧೈರ್ಯದ ಕೆಲಸ ನನಗೆ ಬೇರೆ ಕಾಣುವುದಿಲ್ಲ. ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಅಂತಲೇ ನನಗೆ ಅನಿಸುವುದು.

1951ರ ಜನವರಿಯಲ್ಲಿ ವಾಯುಪಡೆಯ 6ನೇ ಸ್ಕ್ವಾಡ್ರನ್ನನ್ನು ಪುಣೆಯಲ್ಲಿ ಮತ್ತೆ ಕಟ್ಟಿ, ಈ ಲಿಬರೇಟರ್‌ಗಳನ್ನು ಕೊಟ್ಟು, ಸಮುದ್ರ ಕಾಯುವ ಕೆಲಸ ವಹಿಸಿದರು. 312ರ ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ, ಇನ್ನೊಂದು ಪಡೆಯ ಇನ್ನೊಂದು ಸ್ಕ್ವಾಡ್ರನ್ನಿನಿಂದ. ಆ ಲಿಬರೇಟರ್‌ಗಳು 1968ರ ಕೊನೆಯವರೆಗೂ ಹಾರಿದವು. ಜಗತ್ತಿನ ಉಳಿದ ಕಡೆ ಆ ಜಾತಿಯ ವಿಮಾನಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿ ಮುಗಿದಿತ್ತು. ಹಾಗಾಗಿ ಬ್ರಿಟನ್, ಅಮೆರಿಕ, ಕೆನಡಾದ ಮ್ಯೂಸಿಯಂಗಳು ನಮ್ಮ ಹತ್ತಿರ ಬಂದು ಕೇಳಿ ತೆಗೆದುಕೊಂಡು ಹೋದವು. ಬ್ರಿಟಿಷರು ಒಡೆದು ಹಾಕಿದ ವಿಮಾನವನ್ನು ಬೆಂಗಳೂರಿನವರು ಕಟ್ಟಿ, ಇಪ್ಪತ್ತು ವರ್ಷ ಹಾರಿಸಿ, 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ ವಾಪಸ್ ಕೊಟ್ಟರು. ಅದು ಅಲ್ಲಿಗೆ ಹೋಗಿದ್ದೂ ಹಾರಿಕೊಂಡೇ.

ಲಿಬರೇಟರ್ ಹಳೆಯದಾಗುತ್ತಿದ್ದ ಹಾಗೆ ಆ ಕೆಲಸಕ್ಕೆ ಬಂದದ್ದು ಸೂಪರ್ ಕಾನ್‌ಸ್ಟೆಲೇಷನ್. ಮೂರು ಬಾಲದ, ಮೀನಿನಂಥ ಮೈಯ ಸುಂದರ ವಿಮಾನ. ಐವತ್ತರ ದಶಕದಲ್ಲಿ ಏರ್ ಇಂಡಿಯಾ ಇದರಲ್ಲೇ ಪ್ರಯಾಣಿಕರನ್ನು ಲಂಡನ್ನಿಗೆ ಕರೆದೊಯ್ಯುತ್ತಿತ್ತು. 'ರಾಣಿ ಆಫ್ ಝಾನ್ಸಿ' ಅಂತ ರಾಣಿಯರ ಹೆಸರು ಇಟ್ಟಿದ್ದರು. 1960ರಲ್ಲಿ ಬೋಯಿಂಗ್ 707 ಜೆಟ್‌ಗಳು ಬಂದ ಮೇಲೆ ಈ ರಾಣಿಯರಿಗೆ ಕೆಲಸ ಕಡಿಮೆಯಾಯಿತು. ಒಂಬತ್ತನ್ನು ವಾಯುಪಡೆ ತೆಗೆದುಕೊಂಡಿತು. ಗಗನಸಖಿಯರು ಓಡಾಡುತ್ತಿದ್ದ ಜಾಗದಲ್ಲಿ ಈಗ ರೇಡಾರ್ ನೋಡುವವರು ಕೂತರು.

1971ರ ಯುದ್ಧದಲ್ಲಿ ಈ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಗಸ್ತು ಹೊಡೆದವು. ಆದರೆ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿ ಯುದ್ಧನೌಕೆಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಹಂಗೋರ್ ಆಮೇಲೂ ತಪ್ಪಿಸಿಕೊಂಡಿತು. ನೀರಿನೊಳಗೆ ಇರುವುದನ್ನು ಮೇಲಿನಿಂದ ಹುಡುಕುವ ನಿಜವಾದ ಶಕ್ತಿ ನಮ್ಮ ಹತ್ತಿರ ಇಲ್ಲ ಅನ್ನುವುದು ಆ ರಾತ್ರಿ ಗೊತ್ತಾಯಿತು. ಹಳೆಯ ಪ್ರಯಾಣಿಕ ವಿಮಾನದ ರೇಡಾರ್ ಹಡಗನ್ನು ತೋರಿಸಬಹುದು, ಮುಳುಗಿ ಕೂತ ಜಲಾಂತರ್ಗಾಮಿಯನ್ನು ತೋರಿಸಲ್ಲ.

ಇನ್ನೊಂದು ಜಗಳವೂ ಇತ್ತು. ಸಮುದ್ರದ ಮೇಲೆ ಹಾರುವ ವಿಮಾನ ಯಾರಿಗೆ ಸೇರಬೇಕು? ವಿಮಾನ ಅಂದಮೇಲೆ ನಮ್ಮದು ಅಂತ ವಾಯುಪಡೆ, ಸಮುದ್ರ ಅಂದಮೇಲೆ ನಮ್ಮದು ಅಂತ ನೌಕಾಪಡೆ. ವರ್ಷಗಟ್ಟಲೆ ಎಳೆದಾಡಿದ ಮೇಲೆ ಸರ್ಕಾರ ಕೆಲಸವನ್ನು ನೌಕಾಪಡೆಗೆ ಕೊಟ್ಟಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಮೇಲಿನಿಂದ ನೋಡಿದ್ದನ್ನು ಅರ್ಥ ಮಾಡಿಕೊಳ್ಳೋಕೆ ಹಡಗುಗಳ ನಡವಳಿಕೆ ಗೊತ್ತಿರಬೇಕು. ಯಾವ ಹಡಗು ದಾರಿ ಬಿಟ್ಟು ಹೋಗುತ್ತಿದೆ, ಯಾವ ದೋಣಿ ಮೀನು ಹಿಡಿಯುವ ಹಾಗೆ ನಟಿಸುತ್ತಿದೆ ಅನ್ನುವುದು ಕಡಲಿನ ಜೊತೆ ಬದುಕಿದವರಿಗೆ ಬೇಗ ಹೊಳೆಯುತ್ತದೆ.

1976ರ ನವೆಂಬರ್‌ನಲ್ಲಿ ಐದು ಸೂಪರ್ ಕಾನ್‌ಸ್ಟೆಲೇಷನ್‌ಗಳು ಗೋವಾದ ದಾಬೋಲಿಮ್‌ಗೆ, ಐಎನ್‌ಎಸ್ ಹಂಸ ನೆಲೆಗೆ ಬಂದವು. ಐಎನ್‌ಎಎಸ್ 312 ಹುಟ್ಟಿದ್ದು ಹಾಗೆ, ಸೆಕೆಂಡ್ ಹ್ಯಾಂಡ್ ವಿಮಾನಗಳ ಜೊತೆ. ಮರುವರ್ಷ, 1977ರ ಅಕ್ಟೋಬರ್ 1ರಂದು, ಸೋವಿಯತ್ ಒಕ್ಕೂಟದಿಂದ ತಂದ ಐಎಲ್-38 ವಿಮಾನಗಳಿಗಾಗಿ ಅಲ್ಲೇ ಪಕ್ಕದಲ್ಲಿ 315ನೇ ಸ್ಕ್ವಾಡ್ರನ್ ಶುರುವಾಯಿತು. ಅದು ಜಲಾಂತರ್ಗಾಮಿ ಬೇಟೆಗೆ ಅಂತಲೇ ಮಾಡಿದ ವಿಮಾನ. ರಾಣಿಯರಿಗೆ ಆ ಹೊತ್ತಿಗೆ ತೀರಾ ವಯಸ್ಸಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲೇ ಅವುಗಳ ಹಾರಾಟ ನಿಂತಿತು. 312 ಕೆಲವು ವರ್ಷ ಹೆಸರಿಗೆ ಮಾತ್ರ ಉಳಿಯಿತು.

ಮತ್ತೆ ಜೀವ ಬಂದದ್ದು 1988ರಲ್ಲಿ. ಹಿಂದಿನ ವರ್ಷವೇ ನಮ್ಮ ತಂಡಗಳು ತರಬೇತಿಗೆ ಲಾಟ್ವಿಯಾದ ರೀಗಾಕ್ಕೆ ಹೋಗಿದ್ದವು. ಮಾರ್ಚ್ 30ರಂದು ಕ್ರಿಮಿಯಾದ ಸಿಮ್‌ಫೆರೋಪೋಲ್‌ನಿಂದ ಹೊರಟ ಮೊದಲ ಟಿಯು-142ಎಂಗಳು ದಾಬೋಲಿಮ್‌ನಲ್ಲಿ ಇಳಿದವು. ಏಪ್ರಿಲ್ 16ರಂದು ಸ್ಕ್ವಾಡ್ರನ್ ಮತ್ತೆ ಸೇವೆಗೆ ಸೇರಿತು. ಒಟ್ಟು ಎಂಟು ವಿಮಾನ. ಒಂದೊಂದೂ 50 ಮೀಟರ್ ರೆಕ್ಕೆ, 53 ಮೀಟರ್ ಉದ್ದ, ತುಂಬಿದಾಗ 185 ಟನ್ ತೂಕ. ನಾಲ್ಕು ಎಂಜಿನ್, ಒಂದೊಂದಕ್ಕೂ ಸುಮಾರು 15,000 ಅಶ್ವಶಕ್ತಿ. ಪ್ರೊಪೆಲ್ಲರ್ ಇದ್ದರೂ ಗಂಟೆಗೆ 900 ಕಿಲೋಮೀಟರ್ ಹತ್ತಿರ ಹೋಗುತ್ತಿತ್ತು. ಎಲೆಗಳ ತುದಿ ಶಬ್ದದ ವೇಗವನ್ನು ದಾಟುವುದರಿಂದ ಅದರ ಸದ್ದೇ ಬೇರೆ. ಒಮ್ಮೆ ಕೇಳಿದವರು ಮರೆಯಲ್ಲ ಅನ್ನುತ್ತಾರೆ.

ಬಂದು ಏಳು ತಿಂಗಳಾಗಿತ್ತಷ್ಟೇ. 1988ರ ನವೆಂಬರ್ 3ರ ಬೆಳಿಗ್ಗೆ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಶ್ರೀಲಂಕಾದಿಂದ ಬಂದ ಬಾಡಿಗೆ ಬಂಡುಕೋರರು ನುಗ್ಗಿದರು. ಅಧ್ಯಕ್ಷ ಗಯೂಮ್ ಭಾರತದ ನೆರವು ಕೇಳಿದರು. ಆಗ್ರಾದಿಂದ ನಮ್ಮ ಪ್ಯಾರಾ ಸೈನಿಕರು ಅದೇ ರಾತ್ರಿ ಹೋಗಿ ಇಳಿದ ಕಥೆ ಎಲ್ಲರಿಗೂ ಗೊತ್ತು. ಅರ್ಧ ಕಥೆ ಅಲ್ಲಿಂದ ಮುಂದಿದೆ. ಬಂಡುಕೋರರು ಪ್ರೋಗ್ರೆಸ್ ಲೈಟ್ ಎಂಬ ಸರಕು ಹಡಗನ್ನು ಹಿಡಿದು, ಒತ್ತೆಯಾಳುಗಳನ್ನು ಹತ್ತಿಸಿಕೊಂಡು, ಕತ್ತಲಲ್ಲಿ ಸಮುದ್ರಕ್ಕೆ ಓಡಿದರು. ಹಿಂದೂ ಮಹಾಸಾಗರದಲ್ಲಿ ದೀಪ ಆರಿಸಿಕೊಂಡ ಒಂದು ಹಡಗು. ಗೋವಾದ ಗಸ್ತು ವಿಮಾನಗಳು, ಐಎಲ್-38ಗಳು ಮತ್ತು ಟಿಯು-142ಗಳು, ಅದನ್ನು ಹುಡುಕಿ ಬೆನ್ನು ಬಿಡದೆ ಹಿಂಬಾಲಿಸಿದವು. ಐಎನ್‌ಎಸ್ ಗೋದಾವರಿ ಮತ್ತು ಬೇತ್ವಾ ಯುದ್ಧನೌಕೆಗಳು ಬಂದು ಮುಟ್ಟುವವರೆಗೂ ಕಣ್ಣು ತೆಗೆಯಲಿಲ್ಲ. ನವೆಂಬರ್ 6ರಂದು ಆ ಹಡಗು ಶರಣಾಯಿತು. ಒತ್ತೆಯಾಳುಗಳಲ್ಲಿ ಕೆಲವರು ಉಳಿಯಲಿಲ್ಲ. ಉಳಿದವರು ಮನೆಗೆ ಬಂದರು. ವಿಮಾನಗಳು ಆ ಮೂರು ದಿನ ಮಾಡಿದ್ದು ನೋಡುವ ಕೆಲಸ.

ಟಿಯು-142ರ ತೂಕಕ್ಕೆ ದಾಬೋಲಿಮ್ ರನ್‌ವೇ ಸಾಕಾಗುತ್ತಿರಲಿಲ್ಲ. ಅಲ್ಲಿ ಪ್ರವಾಸಿಗರ ವಿಮಾನಗಳ ಗದ್ದಲವೂ ಬೆಳೆಯುತ್ತಿತ್ತು. 1992ರ ಮಾರ್ಚ್ 11ರಂದು ಅರಕ್ಕೋಣಂನಲ್ಲಿ ಐಎನ್‌ಎಸ್ ರಾಜಾಳಿ ಎಂಬ ನೌಕಾಪಡೆಯ ವಿಮಾನ ನೆಲೆ ಆರಂಭವಾಯಿತು. ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನ ನಿಲ್ದಾಣವನ್ನು ಎತ್ತಿ ಕಟ್ಟಿ, ನಾಲ್ಕು ಕಿಲೋಮೀಟರಿಗಿಂತ ಉದ್ದದ ರನ್‌ವೇ ಮಾಡಿದರು. 312 ಅಲ್ಲಿಗೆ ಹೋಯಿತು. ಸಮುದ್ರ ಕಾಣದ ಊರು ಅರಕ್ಕೋಣಂ. ಆದರೆ ಅಲ್ಲಿಂದ ಬಂಗಾಳ ಕೊಲ್ಲಿಯೂ ಹತ್ತಿರ, ಅರಬ್ಬಿ ಸಮುದ್ರವೂ ಇಂಥ ವಿಮಾನಕ್ಕೆ ದೂರವಲ್ಲ.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಿತ್ತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ತರಬೇತಿ ಪಡೆದ ರೀಗಾ ಒಂದು ದೇಶ, ವಿಮಾನ ಹೊರಟ ಸಿಮ್‌ಫೆರೋಪೋಲ್ ಇನ್ನೊಂದು ದೇಶ, ಕಾರ್ಖಾನೆ ಇದ್ದ ಟಗನ್‌ರೋಗ್ ಮತ್ತೊಂದು ದೇಶ. ಬಿಡಿಭಾಗಕ್ಕೆ ಯಾರನ್ನು ಕೇಳುವುದು? ಇಂಥ ಸ್ಥಿತಿಯಲ್ಲಿ ಎಂಟು ದೈತ್ಯಗಳನ್ನು ಮತ್ತೆ 25 ವರ್ಷ ಹಾರುವ ಹಾಗೆ ಇಟ್ಟವರು ಅರಕ್ಕೋಣಂನ ತಂತ್ರಜ್ಞರು. ಕಾನ್ಪುರದ ಗುಜರಿಯಲ್ಲಿ ಕೆಲಸ ಮಾಡಿದ ಎಚ್‌ಎಎಲ್ ಮಂದಿಯ ನೆನಪಾಗುತ್ತದೆ, ಅಲ್ವಾ? ಪೈಲಟ್‌ಗಳ ಹೆಸರು ಎಲ್ಲೋ ಒಂದು ಕಡೆ ಸಿಗುತ್ತದೆ. ಬಿಸಿಲಲ್ಲಿ ರೆಕ್ಕೆಯ ಮೇಲೆ ಹತ್ತಿ ಎಂಜಿನ್ ಬಿಚ್ಚಿದವರ ಹೆಸರು ಎಲ್ಲೂ ಸಿಗುವುದಿಲ್ಲ. 30,000 ಗಂಟೆಯ ಆ ಒಂದು ಸಾಲಿನಲ್ಲಿ ಅವರದೇ ಪಾಲು ಜಾಸ್ತಿ ಅಂತ ನಾನು ನಂಬಿದ್ದೇನೆ.

ಅಪಘಾತವಿಲ್ಲ ಅನ್ನುವ ಮಾತು ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ ಪಕ್ಕದ ಸ್ಕ್ವಾಡ್ರನ್ನಿಗೆ ಆದದ್ದನ್ನು ನೆನೆಯಬೇಕು. 2002ರ ಅಕ್ಟೋಬರ್ 1, ಗೋವಾದ 315ಕ್ಕೆ ಬೆಳ್ಳಿಹಬ್ಬದ ದಿನ. ದಾಬೋಲಿಮ್ ಮೇಲೆ ಜೊತೆಯಾಗಿ ಹಾರುತ್ತಿದ್ದ ಎರಡು ಐಎಲ್-38ಗಳು ಆಕಾಶದಲ್ಲೇ ಡಿಕ್ಕಿ ಹೊಡೆದವು. ಎರಡರಲ್ಲೂ ಇದ್ದ 12 ಮಂದಿ ಹೋದರು. ಅವಶೇಷ ಬಿದ್ದು ನೆಲದ ಮೇಲಿದ್ದವರೂ ಸತ್ತರು. ಐದೇ ವಿಮಾನಗಳ ಸ್ಕ್ವಾಡ್ರನ್ ಅದು. ಆಮೇಲೂ ಅವರು ಎದ್ದು ನಿಂತರು. ಉಳಿದ ವಿಮಾನಗಳನ್ನು ಹೊಸ ಉಪಕರಣಗಳೊಂದಿಗೆ ಸಜ್ಜು ಮಾಡಿಸಿಕೊಂಡು, 2023ರ ಅಕ್ಟೋಬರ್ ಕೊನೆಯವರೆಗೂ ಹಾರಿಸಿದರು.

ಈಗ ನಿಜವಾದ ಕೆಲಸದ ಬಗ್ಗೆ ಹೇಳಬೇಕು.

ಟಿಯು-142ರ ಒಳಗೆ 11ರಿಂದ 13 ಜನ. ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡದು, ಒಳಗೆ ತೀರಾ ಇಕ್ಕಟ್ಟು. ಅದು ಟಿಯು-95 ಬಾಂಬರ್‌ನಿಂದ ಮಾಡಿದ ವಿಮಾನ. ಬಾಂಬರ್ ಕಟ್ಟಿದವರು ಮನುಷ್ಯರ ಆರಾಮದ ಬಗ್ಗೆ ತಲೆ ಕೆಡಿಸಿಕೊಳ್ಳಲ್ಲ. ಕೆಳಗೆ ನೀರು, ಬರೀ ನೀರು. ಒಬ್ಬರು ರೇಡಾರ್ ಪರದೆ ನೋಡುತ್ತಾ ಕೂತಿರುತ್ತಾರೆ. ಚುಕ್ಕೆ ಬಂದರೆ ಅದು ತೈಲದ ಹಡಗಾ, ಮೀನಿನ ದೋಣಿಯಾ, ಯುದ್ಧನೌಕೆಯಾ ಅಂತ ಗುರುತಿಸಬೇಕು. ಎಲ್ಲಿ, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಅಂತ ಬರೆದುಕೊಳ್ಳಬೇಕು. ಆಮೇಲೆ ಮುಂದಿನ ಚುಕ್ಕೆ. ಹೀಗೆ ಗಂಟೆಗಟ್ಟಲೆ.

ಜಲಾಂತರ್ಗಾಮಿ ಹುಡುಕುವುದು ಇನ್ನೂ ತಾಳ್ಮೆಯ ಕೆಲಸ. ನೀರಿನೊಳಗೆ ರೇಡಾರ್ ನಡೆಯಲ್ಲ. ಕೇಳಿಸಿಕೊಳ್ಳಬೇಕು. ಅದಕ್ಕೆ ಸೋನೋಬಾಯ್ ಅಂತ ಉದ್ದನೆಯ ಕೊಳವೆಯಂಥ ಉಪಕರಣ. ವಿಮಾನದಿಂದ ಬೀಳಿಸಿದರೆ ಅದರ ಒಂದು ಭಾಗ ನೀರಿನ ಮೇಲೆ ತೇಲುತ್ತದೆ, ಕಿವಿಯ ಭಾಗ ತಂತಿಯಲ್ಲಿ ಆಳಕ್ಕೆ ಇಳಿಯುತ್ತದೆ. ಅಲ್ಲಿ ಕೇಳಿಸಿದ್ದನ್ನು ರೇಡಿಯೋದಲ್ಲಿ ಮೇಲಕ್ಕೆ ಕಳಿಸುತ್ತದೆ. ನಮ್ಮ ಕಡೆ ಮೀನುಗಾರರು ತೇಲುಬುಂಡೆ ಕಟ್ಟಿದ ಬಲೆಯನ್ನು ಸಾಲಾಗಿ ಬಿಡುತ್ತಾ ಹೋಗುತ್ತಾರಲ್ಲ, ಹಾಗೆ ಇವನ್ನು ಸಾಲಾಗಿ ಬಿಡುತ್ತಾರೆ. ಆಮೇಲೆ ಮೇಲೆ ಸುತ್ತು ಹಾಕುತ್ತಾ ಕೇಳುವುದು. ತಿಮಿಂಗಿಲದ ಸದ್ದು, ಅಲೆಯ ಸದ್ದು, ದೂರದ ಸರಕು ಹಡಗಿನ ಎಂಜಿನ್. ಇವುಗಳ ನಡುವೆ ಸಣ್ಣದೊಂದು ಬೇರೆ ಸದ್ದು ಇದೆಯಾ? ಬಹಳ ಸಲ ಇರುವುದಿಲ್ಲ.

ಆ 'ಇಲ್ಲ' ಅನ್ನುವುದರ ಬೆಲೆ ಏನು ಅಂತ ನಾನು ತುಂಬ ಯೋಚಿಸಿದ್ದೇನೆ. ಇಲ್ಲಿ ಜಲಾಂತರ್ಗಾಮಿ ಇಲ್ಲ ಅಂತ ಒಬ್ಬರು ಗಟ್ಟಿಯಾಗಿ ಹೇಳಿದರೆ ಆ ದಾರಿಯಲ್ಲಿ ಹಡಗು ಹೋಗಬಹುದು. ಹಡಗಿನಲ್ಲಿ ಇನ್ನೂರು ಮುನ್ನೂರು ಜನ ಇರುತ್ತಾರೆ. ಖುಕ್ರಿ ಹೋದ ದಾರಿಯ ಬಗ್ಗೆ ಅಂಥ ಮಾತು ಹೇಳುವವರು ಯಾರೂ ಇರಲಿಲ್ಲ. ಇನ್ನೊಂದೂ ಇದೆ. ಮೇಲೆ ವಿಮಾನ ಇದೆ ಅಂತ ಅನುಮಾನ ಬಂದರೂ ಸಾಕು, ಜಲಾಂತರ್ಗಾಮಿ ಆಳಕ್ಕೆ ಇಳಿದು ತೆಪ್ಪಗಿರಬೇಕಾಗುತ್ತದೆ. ಅದು ಮಾಡದೇ ಬಿಟ್ಟ ದಾಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯೋಕಾಗಲ್ಲ. ಕಾರ್ಗಿಲ್ ಸಮಯದಲ್ಲಿ, 2001–02ರಲ್ಲಿ ಸೈನ್ಯ ಗಡಿಯಲ್ಲಿ ಎದುರುಬದುರಾಗಿ ನಿಂತ ಸಮಯದಲ್ಲಿ, ಸೊಮಾಲಿಯಾ ಕಡಲ್ಗಳ್ಳರ ಹಾವಳಿಯ ಸಮಯದಲ್ಲಿ 312 ಹಾರುತ್ತಲೇ ಇತ್ತು. ಆ ಹಾರಾಟಗಳಿಂದ ಏನೇನು ತಪ್ಪಿತು ಅನ್ನುವ ಪಟ್ಟಿ ಎಲ್ಲೂ ಇಲ್ಲ, ಇರೋಕೂ ಸಾಧ್ಯವಿಲ್ಲ.

2013ರ ಮೇ 15ರಂದು ಅರಕ್ಕೋಣಂಗೆ ಅಮೆರಿಕದ ಹೊಸ ಗಸ್ತು ವಿಮಾನ ಪಿ-8ಐ ಮೊದಲ ಸಲ ಬಂತು. 2009ರಲ್ಲಿ ಎಂಟು ವಿಮಾನಗಳಿಗೆ ಒಪ್ಪಂದವಾಗಿತ್ತು, 2016ರಲ್ಲಿ ಇನ್ನೂ ನಾಲ್ಕಕ್ಕೆ. ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ನಾವು ಹತ್ತುವ ಬೋಯಿಂಗ್ 737 ಕುಟುಂಬದ್ದೇ ಇದು. ಬಾಂಬರ್ ಆದ ಮೇಲೆ ಪ್ರಯಾಣಿಕ ವಿಮಾನ, ಅದಾದ ಮೇಲೆ ಮತ್ತೆ ಬಾಂಬರ್ ಸಂತತಿ, ಈಗ ಮತ್ತೆ ಪ್ರಯಾಣಿಕ ವಿಮಾನದ ಸಂತತಿ. ಲಿಬರೇಟರ್‌ನಿಂದ ಇಲ್ಲಿಯವರೆಗೆ ಈ ಸರದಿ ತಪ್ಪಿಲ್ಲ. ಬೆಂಗಳೂರಿನ ನಂಟೂ ತಪ್ಪಿಲ್ಲ. ವಿಮಾನ ನೋಡಿದ್ದನ್ನು ಹಡಗುಗಳಿಗೆ, ದಡದ ಕೇಂದ್ರಗಳಿಗೆ ತಲುಪಿಸುವ ಡೇಟಾ ಲಿಂಕ್ ವ್ಯವಸ್ಥೆಯನ್ನು ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಡಿಕೊಟ್ಟಿತು. ಅಮೆರಿಕದವರು ತಮ್ಮ ಪಿ-8ರಲ್ಲಿ ಬಿಟ್ಟಿದ್ದ ಒಂದು ಉಪಕರಣವನ್ನು ನಮ್ಮವರು ಬೇಕೆಂದು ಕೇಳಿ ಹಾಕಿಸಿಕೊಂಡರು. ಬಾಲದಲ್ಲಿ ಕಡ್ಡಿಯಂತೆ ಚಾಚಿಕೊಂಡಿದೆ. ನೀರಿನೊಳಗಿನ ದೊಡ್ಡ ಕಬ್ಬಿಣದ ರಾಶಿಯಿಂದ ಭೂಮಿಯ ಕಾಂತಕ್ಷೇತ್ರದಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನು ಅದು ಹಿಡಿಯುತ್ತದೆ. ಟಿಯು-142 ನಿವೃತ್ತಿಯಾದ ದಿನವೇ 312ರ ಹೆಸರು, ಲಾಂಛನ ಎರಡೂ ಪಿ-8ಐಗಳಿಗೆ ಬಂದವು. 2022ರ ಮಾರ್ಚ್ 29ರಂದು ನಂತರದ ನಾಲ್ಕು ವಿಮಾನಗಳಿಗಾಗಿ ಗೋವಾದಲ್ಲಿ 316ನೇ ಸ್ಕ್ವಾಡ್ರನ್ ಶುರುವಾಯಿತು.

ಹೊಸ ವಿಮಾನ ಬಂದು ವರ್ಷ ತುಂಬುವ ಮೊದಲೇ, 2014ರ ಮಾರ್ಚ್ 8ರಂದು, ಮಲೇಷ್ಯಾದ ಎಂಎಚ್370 ಪ್ರಯಾಣಿಕ ವಿಮಾನ ಕಾಣೆಯಾಯಿತು. ಪಿ-8ಐಗಳು ಹುಡುಕಾಟಕ್ಕೆ ಹೋದವು. ಏನೂ ಸಿಗಲಿಲ್ಲ. ಇಂಥ ಹುಡುಕಾಟದಲ್ಲಿ ಸಿಗದ ಜಾಗವನ್ನು ನಕ್ಷೆಯಲ್ಲಿ ಹೊಡೆದುಹಾಕುತ್ತಾ ಹೋಗುವುದೇ ಕೆಲಸ. ಒಂದು ಕಡೆ ಇಲ್ಲ ಅಂತ ಖಚಿತವಾದರೆ ಇನ್ನೊಂದು ಕಡೆ ಹುಡುಕಬಹುದು.

ಆದರೆ ಒಂದು ಸಲ ಸಿಕ್ಕಿತು. ಆ ಕಥೆ ನನಗೆ ಎಲ್ಲಕ್ಕಿಂತ ಹತ್ತಿರ.

2018ರಲ್ಲಿ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟೋಮಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೊರಟಿದ್ದರು. ದೋಣಿಯ ಹೆಸರು ತುರೀಯ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿ ಮಗುಚಿ, ಕೂವೆಕಂಬ ಮುರಿಯಿತು. ಅವರ ಬೆನ್ನುಮೂಳೆಗೆ ಏಟು ಬಿತ್ತು. ಎದ್ದು ನಿಲ್ಲೋಕಾಗದೆ ಒಳಗೆ ಮಲಗಿಬಿಟ್ಟರು. ಆಸ್ಟ್ರೇಲಿಯಾದ ಪರ್ತ್ 3,000 ಕಿಲೋಮೀಟರಿಗೂ ಜಾಸ್ತಿ ದೂರ. ಹತ್ತಿರದಲ್ಲಿ ಯಾವ ಹಡಗೂ ಇಲ್ಲ.

ಮಾರಿಷಸ್‌ನಿಂದ ಒಂದು ಪಿ-8ಐ ಹೊರಟಿತು. ಸೆಪ್ಟೆಂಬರ್ 23ರಂದು ದೋಣಿಯನ್ನು ಕಂಡುಹಿಡಿಯಿತು. ಮುರಿದ ಕಂಬ ಪಕ್ಕಕ್ಕೆ ನೇತಾಡುತ್ತಿತ್ತು, ದೋಣಿ ಹೊಯ್ದಾಡುತ್ತಿತ್ತು. ಮೇಲೆ ವಿಮಾನದ ಸದ್ದು ಕೇಳಿ ಅಭಿಲಾಷ್ ಅಪಾಯ ಸೂಚಕದ ಮೂಲಕ ಸಂಕೇತ ಕೊಟ್ಟರು. ಬದುಕಿದ್ದಾರೆ! ಮರುದಿನ ಫ್ರಾನ್ಸ್‌ನ ಒಸಿರಿಸ್ ಎಂಬ ಮೀನುಗಾರಿಕೆ ಗಸ್ತು ಹಡಗು ಬಂದು ಅವರನ್ನು ಎತ್ತಿಕೊಂಡಿತು. ಅಭಿಲಾಷ್ ಟೋಮಿ ಸ್ವತಃ ನೌಕಾಪಡೆಯ ಪೈಲಟ್. ಹಾರಿಸುತ್ತಿದ್ದದ್ದು ಸಮುದ್ರ ಗಸ್ತಿನ ವಿಮಾನವನ್ನೇ. ಮೇಲೆ ಕೂತವರು ಏನು ನೋಡುತ್ತಾರೆ, ಎಷ್ಟು ಹೊತ್ತು ಸುತ್ತುತ್ತಾರೆ, ಇಂಧನ ಎಷ್ಟಾದಾಗ ತಿರುಗಬೇಕು ಅನ್ನುವುದೆಲ್ಲ ಆ ಮಲಗಿದ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಬೆನ್ನಿಗೆ ಲೋಹದ ಸರಳು ಹಾಕಿಸಿಕೊಂಡು ಅವರು ಮತ್ತೆ ನಡೆಯಲು ಕಲಿತರು. ಮುಂದಿನ ಸ್ಪರ್ಧೆಯಲ್ಲಿ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು.

ಅವತ್ತು ಆ ಪಿ-8ಐ ತಂಡಕ್ಕೆ ಅಷ್ಟು ದೊಡ್ಡ ಸಾಗರದಲ್ಲಿ ಅಷ್ಟು ಸಣ್ಣ ದೋಣಿ ಸಿಕ್ಕಿದ್ದು ಅದೃಷ್ಟದಿಂದಲ್ಲ. ಏನೂ ಸಿಗದ ಸಾವಿರಾರು ಗಂಟೆ ಪರದೆ ನೋಡಿ ಪಳಗಿದ ಕಣ್ಣು ಅದು. ಆ ಪಳಗುವಿಕೆ ಗೋವಾದಿಂದ ಅರಕ್ಕೋಣಂಗೆ, ಹಳಬರಿಂದ ಹೊಸಬರಿಗೆ ಬಂದದ್ದು. 2009ರಿಂದ ಈ ವೀಕ್ಷಕರ ಸಾಲಿನಲ್ಲಿ ಹೆಣ್ಣುಮಕ್ಕಳೂ ಇದ್ದಾರೆ.

ಕಾರವಾರದ ವಿಮಾನ ನೋಡೋಕೆ ಜನ ಬರುತ್ತಾರೆ, ರೆಕ್ಕೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಳ್ಳೆಯದೇ. ವಿಶಾಖಪಟ್ಟಣದಲ್ಲೂ 2017ರ ಡಿಸೆಂಬರ್‌ನಿಂದ ಇದೇ ಜಾತಿಯ ಒಂದು ವಿಮಾನ ಕಡಲತೀರದಲ್ಲಿ ನಿಂತಿದೆ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಬೇಗ ಹಾಳಾಗುತ್ತದೆ. ಎರಡೂ ಕಡೆ ಅದನ್ನು ಜೋಪಾನ ಮಾಡುವವರ ಮೇಲೆ ದೊಡ್ಡ ಹೊಣೆ ಇದೆ. ನನ್ನ ಆಸೆ ಒಂದೇ. ವಿಮಾನದ ಉದ್ದ, ತೂಕ, ವೇಗ ಎಲ್ಲಿ ಬೇಕಾದರೂ ಸಿಗುತ್ತವೆ. ಅದರ ಪಕ್ಕದಲ್ಲಿ ಒಂದು ಸಾಮಾನ್ಯ ದಿನದ ಹಾರಾಟವನ್ನು ಗಂಟೆ ಗಂಟೆಗೂ ಕನ್ನಡದಲ್ಲಿ ಬರೆದು ಹಾಕಬೇಕು. ಎಷ್ಟು ಗಂಟೆಗೆ ಎದ್ದರು, ಡಬ್ಬಿಯಲ್ಲಿ ಊಟಕ್ಕೆ ಏನಿತ್ತು, ಎಲ್ಲಿ ಎಷ್ಟು ಹಡಗು ಕಂಡವು, ಎಷ್ಟು ಸೋನೋಬಾಯ್ ಇಳಿಬಿಟ್ಟರು, ಎಷ್ಟು ಹೊತ್ತು ಕೇಳಿದರು, ವಾಪಸ್ ಬಂದು ವರದಿಯಲ್ಲಿ ಏನು ಬರೆದರು. ನೌಕಾಪಡೆಯಿಂದ ನಿವೃತ್ತರಾಗಿ ಕರ್ನಾಟಕದಲ್ಲಿ ನೆಲೆಸಿರುವವರು, ಈ ವಿಮಾನಗಳಲ್ಲಿ ಕೂತವರು, ಇವುಗಳ ಎಂಜಿನ್ ಬಿಚ್ಚಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೇಳಬಹುದಾದಷ್ಟನ್ನು ದಯವಿಟ್ಟು ಬರೆದಿಡಿ. ಇಂಗ್ಲಿಷಿನಲ್ಲಿ ಅಲ್ಲೊಂದು ಇಲ್ಲೊಂದು ಇದೆ. ಕನ್ನಡದಲ್ಲಿ ನಾನು ಇನ್ನೂ ಹುಡುಕುತ್ತಿದ್ದೇನೆ.